ತಡೆಯುವ ಕೈ

ಇಂಗ್ಲೆಂಡಿನ ಪಶುಪಾಲಕ ಜಾರ್ಜ್ ಕಲ್ಲಿ 1807ರಷ್ಟು ಹಿಂದೆಯೇ ವಿಚಿತ್ರ ಮೈಕಟ್ಟಿನ ದನಗಳ ಬಗ್ಗೆ ಬರೆದಿಟ್ಟಿದ್ದ. ತೊಡೆ, ಹೆಗಲು, ಹಿಂಬದಿಯಲ್ಲೆಲ್ಲ ಮಾಂಸ ಒತ್ತೊತ್ತಾಗಿ ಉಬ್ಬಿ, ಒಂದು ಸ್ನಾಯುವಿನ ಮೇಲೆ ಇನ್ನೊಂದನ್ನು ಹೊಲಿದಿಟ್ಟಂತೆ ಕಾಣುವ ದನಗಳು ಅವು. ಮುಂದೆ ಬೆಲ್ಜಿಯಂನ ರೈತರು ಅಂಥ ಹೋರಿಗಳನ್ನೇ ಆರಿಸಿ ಹಾಯಿಸಿ 'ಬೆಲ್ಜಿಯನ್ ಬ್ಲೂ' ತಳಿಯನ್ನು ಗಟ್ಟಿಮಾಡಿದರು. ಇಟಲಿಯ ಪಿಯೆಡ್‌ಮಾಂಟ್ ಸೀಮೆಯಲ್ಲೂ ಅಂಥದೇ ಇನ್ನೊಂದು ತಳಿ ಬೆಳೆಯಿತು. ಮಾಂಸದ ವ್ಯಾಪಾರಿಗೆ ಇದು ಲಾಭ, ಹಸುವಿಗೆ ಸಂಕಟ. ಕರು ಗರ್ಭದಲ್ಲೇ ದಪ್ಪಗಾಗುವುದರಿಂದ ಬೆಲ್ಜಿಯನ್ ಬ್ಲೂ ಹಸುಗಳಿಗೆ ಹೊಟ್ಟೆ ಕೊಯ್ದು ಕರು ತೆಗೆಯುವುದೇ ರೂಢಿಯಾಗಿಹೋಯಿತು. ಇಂಥ ದನವನ್ನು ಕಂಡ ಯಾರಿಗೇ ಆಗಲಿ, ಇದರ ಮೈಯಲ್ಲಿ ಏನೋ ಒಂದು ಹೆಚ್ಚಾಗಿದೆ ಅನ್ನಿಸುವುದು ಸಹಜ. 1997ರಲ್ಲಿ ಉತ್ತರ ಸಿಕ್ಕಾಗ ಅದು ತಿರುಗುಮುರುಗಾಗಿತ್ತು. ಹೆಚ್ಚಾದದ್ದು ಏನೂ ಇರಲಿಲ್ಲ. ಇರಬೇಕಾದ ಒಂದು ಪ್ರೋಟೀನ್ ಕೆಟ್ಟುಹೋಗಿತ್ತು.

ಇಪ್ಪತ್ತನೆಯ ಶತಮಾನದ ಜೀವವಿಜ್ಞಾನ ಬೆಳವಣಿಗೆಯ ಗುಟ್ಟನ್ನು ಬಹುಮಟ್ಟಿಗೆ ಬೆಳೆಸುವ ವಸ್ತುಗಳಲ್ಲೇ ಹುಡುಕಿತು. ಆ ಹುಡುಕಾಟಕ್ಕೆ ಫಲವೂ ಸಿಕ್ಕಿತು, ನೊಬೆಲ್ ಬಹುಮಾನಗಳೂ ಸಿಕ್ಕವು. ಆದರೆ ಸ್ನಾಯು ಮತ್ತು ಮೂಳೆಯ ಚರಿತ್ರೆಯನ್ನು ಒಟ್ಟಿಗೆ ಇಟ್ಟು ಓದಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಈ ಎರಡು ಅಂಗಾಂಶಗಳು ಎಷ್ಟಿರಬೇಕು ಎಂಬುದನ್ನು ದೇಹ ತೀರ್ಮಾನಿಸುವುದು ಮುಖ್ಯವಾಗಿ ತಡೆಯ ಮೂಲಕ. ಮಳೆಯಾಗದೆ ಕೆರೆ ತುಂಬುವುದಿಲ್ಲ ನಿಜ, ಆದರೆ ಗದ್ದೆಗೆ ಎಷ್ಟು ನೀರು ಹರಿಯಬೇಕು ಎಂಬುದು ತೂಬಿನ ಕೈಯಲ್ಲಿದೆ. ವಿಜ್ಞಾನಿಗಳು ಬಹುಕಾಲ ಮೋಡ ನೋಡುತ್ತಿದ್ದರು. ತೂಬನ್ನು ಮೊದಲು ಬೆಳಕಿಗೆ ತಂದದ್ದು ದನ ಸಾಕುವವರು, ಮತ್ತು ಅಪರೂಪದ ಕಾಯಿಲೆ ಹೊತ್ತ ಕೆಲವು ಕುಟುಂಬಗಳು.

ಮೊದಲು ಮೋಡದ ಕಥೆ. ಪಿಟ್ಯುಟರಿ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನ್ ಹೊರಡುತ್ತದೆ ಎಂಬುದು ಗೊತ್ತಾದ ಮೇಲೆ, ಅದು ಮೂಳೆಯ ತುದಿಯ ಮೃದ್ವಸ್ಥಿಯನ್ನು ಹೇಗೆ ಬೆಳೆಸುತ್ತದೆ ಎಂಬ ಪ್ರಶ್ನೆ ಎದ್ದಿತು. 1957ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಲಿಯಂ ಸಾಲ್ಮನ್ ಮತ್ತು ವಿಲಿಯಂ ಡಾಗಡೆ ಒಂದು ಸರಳ ಪ್ರಯೋಗ ಮಾಡಿದರು. ಇಲಿಯ ಮೃದ್ವಸ್ಥಿಯ ಚೂರುಗಳ ಮೇಲೆ ಹಾರ್ಮೋನನ್ನು ನೇರವಾಗಿ ಹಾಕಿದರೆ ಹೆಚ್ಚೇನೂ ಆಗಲಿಲ್ಲ. ಆರೋಗ್ಯವಂತ ಇಲಿಯ ರಕ್ತದ್ರವ ಹಾಕಿದರೆ ಅದೇ ಚೂರುಗಳು ಗಂಧಕದ ಲವಣವನ್ನು ಹೀರಿಕೊಂಡು ಚುರುಕಾದವು. ಹಾಗಾದರೆ ನಡುವೆ ಒಬ್ಬ ದೂತನಿದ್ದಾನೆ ಎಂದಾಯಿತು. 1978ರಲ್ಲಿ ಜ್ಯೂರಿಕ್‌ನ ರಿಂಡರ್‌ಕ್ನೆಕ್ಟ್ ಮತ್ತು ಹುಂಬೆಲ್ ಆ ದೂತನ ರಚನೆಯನ್ನು ಬಿಡಿಸಿದಾಗ ಅದು ಇನ್ಸುಲಿನ್‌ನ ಹತ್ತಿರದ ನೆಂಟ ಎಂದು ತಿಳಿಯಿತು. ಇನ್ಸುಲಿನ್‌ನಂಥ ಬೆಳವಣಿಗೆ ಅಂಶ, ಅಂದರೆ ಐಜಿಎಫ್-1 ಎಂಬ ಹೆಸರು ಉಳಿದದ್ದು ಹಾಗೆ. ಅಷ್ಟರಲ್ಲಿ ಹಾರ್ಮೋನು ಔಷಧಿಯಾಗಿಯೂ ಬಳಕೆಗೆ ಬಂದಿತ್ತು. 1958ರಲ್ಲಿ ಬಾಸ್ಟನ್‌ನ ಮಾರಿಸ್ ರಾಬೆನ್ ಶವಗಳ ಪಿಟ್ಯುಟರಿಯಿಂದ ತೆಗೆದ ಹಾರ್ಮೋನಿನಿಂದ ಕುಳ್ಳ ಹುಡುಗನೊಬ್ಬ ಎತ್ತರ ಬೆಳೆದದ್ದನ್ನು ವರದಿ ಮಾಡಿದ. 1985ರಲ್ಲಿ ಅದೇ ಶವಮೂಲದ ಔಷಧಿ ಪಡೆದಿದ್ದ ಕೆಲವರಿಗೆ ಮಿದುಳನ್ನು ತಿನ್ನುವ ಕ್ರಾಯ್ಟ್‌ಜ್‌ಫೆಲ್ಟ್-ಯಾಕೋಬ್ ರೋಗ ಬಂದದ್ದು ಬಯಲಾಗಿ ಅದು ನಿಂತಿತು. ಅದೇ ವರ್ಷ ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿದ ಹಾರ್ಮೋನು ಅಮೆರಿಕದ ಮಾರುಕಟ್ಟೆಗೆ ಬಂತು. ಈಗ ಬೇಕಾದಷ್ಟು ಸಿಗುತ್ತಿತ್ತು. ಬೇಕಾದಷ್ಟು ಸಿಗುವ ವಸ್ತುವಿಗೆ ಬಳಕೆ ಹುಡುಕುವ ಜನಕ್ಕೆ ಯಾವ ಕಾಲದಲ್ಲೂ ಬರವಿಲ್ಲ.

1990ರಲ್ಲಿ ಡೇನಿಯಲ್ ರುಡ್‌ಮನ್ ತಂಡ 60 ದಾಟಿದ 12 ಗಂಡಸರಿಗೆ ಆರು ತಿಂಗಳು ಈ ಹಾರ್ಮೋನ್ ಕೊಟ್ಟು, ಕೊಬ್ಬಲ್ಲದ ದೇಹತೂಕ 8.8% ಏರಿತು, ಕೊಬ್ಬು 14.4% ಇಳಿಯಿತು ಎಂದು ಪ್ರಕಟಿಸಿತು. ಹನ್ನೆರಡೇ ಜನರ ಆ ಒಂದು ಲೇಖನದ ಬೆನ್ನೇರಿ ಮುಪ್ಪು ತಡೆಯುವ ಚುಚ್ಚುಮದ್ದಿನ ಒಂದು ದಂಧೆಯೇ ಹುಟ್ಟಿಕೊಂಡಿತು. ಆರು ವರ್ಷಗಳ ನಂತರ ಮ್ಯಾಕ್ಸಿನ್ ಪಾಪಡಾಕಿಸ್ ಮತ್ತು ಸಂಗಡಿಗರು 52 ಮಂದಿ ವೃದ್ಧರ ಮೇಲೆ ಅದನ್ನೇ ಎಚ್ಚರದಿಂದ ಪರೀಕ್ಷಿಸಿದರು. ಕೊಬ್ಬಲ್ಲದ ತೂಕ 4.3% ಏರಿತು, ಬಲ ಏರಲಿಲ್ಲ, ಸುಸ್ತಾಗುವುದು ಕಡಿಮೆಯಾಗಲಿಲ್ಲ. ಕೈಕಾಲು ಊದುವುದು, ಕೀಲುನೋವು ಮಾತ್ರ ಧಾರಾಳವಾಗಿ ಬಂದವು. ತೂಕ ಯಂತ್ರದ ಮುಳ್ಳು ಮುಂದೆ ಹೋದ ಮಾತ್ರಕ್ಕೆ ಸ್ನಾಯು ಬೆಳೆಯಿತೆಂದಲ್ಲ, ಕೊಬ್ಬಲ್ಲದ ತೂಕದ ಲೆಕ್ಕದಲ್ಲಿ ನೀರೂ ಸೇರುತ್ತದೆ.

ಇಲ್ಲಿ ಒಂದು ಆಕ್ಷೇಪ ಎದುರಾಗುತ್ತದೆ, ಅದು ಹಗುರವಾದದ್ದಲ್ಲ. ಐಜಿಎಫ್-1 ಇಲ್ಲದಿದ್ದರೆ ಬೆಳವಣಿಗೆಯೇ ಇಲ್ಲವಲ್ಲ? 1993ರಲ್ಲಿ ಆ ಜೀನನ್ನು ಅಳಿಸಿ ಹುಟ್ಟಿಸಿದ ಇಲಿಮರಿಗಳು ಸಾಮಾನ್ಯ ಮರಿಗಳ ಸುಮಾರು 60% ತೂಕ ಮಾತ್ರ ಇದ್ದವು. ಅದೇ ಜೀನನ್ನು ಇಲಿಯ ಸ್ನಾಯುವಿನಲ್ಲೇ ಹೆಚ್ಚು ಕೆಲಸಕ್ಕೆ ಹಚ್ಚಿದಾಗ ಸ್ನಾಯು ದಪ್ಪಗಾದದ್ದೂ ಉಂಟು. ಆದ್ದರಿಂದ ಬೆಳೆಸುವ ಸಂಕೇತ ನಗಣ್ಯ ಎಂದು ಯಾರೂ ಹೇಳಲಾರರು. ಆದರೆ ಅಗತ್ಯವಾದದ್ದೇ ಅಳತೆಗಾರನೂ ಆಗಿರಬೇಕೆಂದಿಲ್ಲ. ಐಜಿಎಫ್-1 ಸ್ನಾಯುಕೋಶದೊಳಗೆ ಎಕೆಟಿ, ಎಂಟಾರ್ ಎಂಬ ಪ್ರೋಟೀನುಗಳ ಸರಪಳಿಯನ್ನು ಎಳೆದು ಹೊಸ ಪ್ರೋಟೀನ್ ಕಟ್ಟಿಸುತ್ತದೆ. ತಡೆಯುವ ಸಂಕೇತ ಬಂದು ಕೈಹಾಕುವುದೂ ಅದೇ ಸರಪಳಿಗೆ. ಬೆಳೆಸುವ ಕೈ ಊಟ, ನಿದ್ದೆ, ವಯಸ್ಸನ್ನು ಅನುಸರಿಸಿ ಇಡೀ ಮೈಗೆ ಒಂದೇ ಮಾತು ಹೇಳುತ್ತದೆ. ಈ ತೊಡೆ ಎಷ್ಟಿರಬೇಕು, ಆ ಬೆನ್ನುಮೂಳೆ ಎಷ್ಟು ಗಟ್ಟಿಯಿರಬೇಕು ಎಂಬ ಸ್ಥಳೀಯ ತೀರ್ಮಾನಕ್ಕೆ ಬೇರೆ ವ್ಯವಸ್ಥೆಯೇ ಬೇಕು.

ಹಾಗೊಂದು ವ್ಯವಸ್ಥೆ ಇರಬೇಕೆಂದು ಲಂಡನ್ನಿನ ವಿಲಿಯಂ ಬುಲ್ಲೊ 1960ರ ದಶಕದಲ್ಲೇ ಊಹಿಸಿದ್ದ. ಪ್ರತಿ ಅಂಗಾಂಶವೂ ತನ್ನ ಬೆಳವಣಿಗೆಯನ್ನು ತಾನೇ ತಡೆಯುವ ವಸ್ತುವೊಂದನ್ನು ಒಸರುತ್ತದೆ. ಅಂಗಾಂಶ ದೊಡ್ಡದಾದಂತೆ ಆ ವಸ್ತುವೂ ಹೆಚ್ಚಿ, ಒಂದು ಹಂತದಲ್ಲಿ ಬೆಳವಣಿಗೆ ನಿಲ್ಲುತ್ತದೆ ಎಂಬುದು ಅವನ ವಾದ. 'ಕ್ಯಾಲೋನ್' ಎಂದು ಅದಕ್ಕೆ ಹೆಸರಿಟ್ಟ. ವಾದ ಅಂದವಾಗಿತ್ತು, ವಸ್ತು ಮಾತ್ರ ಯಾರ ಕೈಗೂ ಸಿಗಲಿಲ್ಲ. ಕಲ್ಪನೆ ಮೂಲೆ ಸೇರಿತು. ಮೂವತ್ತು ವರ್ಷಗಳ ನಂತರ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸೆ-ಜಿನ್ ಲೀ ಮತ್ತು ಅಲೆಕ್ಸಾಂಡ್ರಾ ಮ್ಯಾಕ್‌ಫೆರನ್ ಟಿಜಿಎಫ್-ಬೀಟಾ ಎಂಬ ದೊಡ್ಡ ಪ್ರೋಟೀನ್ ಕುಟುಂಬದ ಹೊಸ ಸದಸ್ಯರನ್ನು ಹುಡುಕುತ್ತಿದ್ದಾಗ ಆ ವಸ್ತು ಸಿಕ್ಕಿತು. ಎಂಟನೆಯ ಸದಸ್ಯನಿಗೆ ಅವರಿಟ್ಟ ಹೆಸರು ಜಿಡಿಎಫ್-8, ಅಂದರೆ ಬೆಳವಣಿಗೆ ಮತ್ತು ವಿಭೇದನದ ಎಂಟನೆಯ ಅಂಶ. ಆ ಜೀನನ್ನು ಅಳಿಸಿದ ಇಲಿಗಳ ಸ್ನಾಯುಗಳು ಎರಡರಿಂದ ಮೂರು ಪಟ್ಟು ತೂಗಿದವು. ಬೆಳವಣಿಗೆ ಅಂಶವೆಂಬ ಮನೆತನದ ಹೆಸರು ಹೊತ್ತದ್ದು ಬೆಳವಣಿಗೆಯನ್ನು ನಿಲ್ಲಿಸುವ ಕೆಲಸ ಮಾಡುತ್ತಿತ್ತು! ಮಯೋಸ್ಟ್ಯಾಟಿನ್ ಎಂಬ ಹೊಸ ಹೆಸರು ಅಂಟಿಕೊಂಡಿತು. 1997ರ ಮೇ ತಿಂಗಳಲ್ಲಿ ಇಲಿಯ ಲೇಖನ ಹೊರಬಿತ್ತು. ಅದೇ ವರ್ಷದೊಳಗೆ ಬೆಲ್ಜಿಯಂನ ಮಿಶೆಲ್ ಜಾರ್ಜ್ ತಂಡ, ನ್ಯೂಜಿಲೆಂಡಿನ ರವಿ ಕಂಬದೂರ್ ತಂಡ ಮತ್ತು ಸ್ವತಃ ಲೀ ಬೇರೆಬೇರೆಯಾಗಿ ದನಗಳಲ್ಲೂ ಅದನ್ನೇ ಕಂಡರು. ಬೆಲ್ಜಿಯನ್ ಬ್ಲೂ ದನದ ಮಯೋಸ್ಟ್ಯಾಟಿನ್ ಜೀನಿನಲ್ಲಿ 11 ಅಕ್ಷರಗಳು ಕಾಣೆಯಾಗಿದ್ದವು. ಪಿಯೆಡ್‌ಮಾಂಟ್ ದನದಲ್ಲಿ ಒಂದೇ ಅಕ್ಷರ ತಪ್ಪಿತ್ತು, ಪರಿಣಾಮ ಅದೇ.

ಮುಂದಿನ ವರ್ಷಗಳಲ್ಲಿ ಸಾಕ್ಷಿಗಳು ಸಾಲುಗಟ್ಟಿದವು. ಡಚ್ ಮೂಲದ ಟೆಕ್ಸೆಲ್ ಕುರಿಯ ತುಂಬುತೊಡೆಗೂ ಇದೇ ಜೀನಿನ ದೋಷ ಕಾರಣವೆಂದು 2006ರಲ್ಲಿ ತಿಳಿಯಿತು. 2004ರಲ್ಲಿ ಬರ್ಲಿನ್‌ನ ವೈದ್ಯರು ವರದಿ ಮಾಡಿದ ಒಬ್ಬ ಬಾಲಕ ಹುಟ್ಟುವಾಗಲೇ ಉಬ್ಬಿದ ತೊಡೆ ತೋಳುಗಳೊಂದಿಗೆ ಬಂದಿದ್ದ. ನಾಲ್ಕೂವರೆ ವರ್ಷಕ್ಕೆ ತಲಾ 3 ಕಿಲೋ ತೂಕದ ಎರಡು ಡಂಬೆಲ್‌ಗಳನ್ನು ಕೈಚಾಚಿ ಹಿಡಿಯಬಲ್ಲವನಾಗಿದ್ದ ಅವನಲ್ಲಿ ಮಯೋಸ್ಟ್ಯಾಟಿನ್ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದವು. ನನಗೆ ಇವೆಲ್ಲಕ್ಕಿಂತ ಹೆಚ್ಚು ಅರ್ಥವತ್ತಾಗಿ ಕಾಣುವುದು 2007ರ ವಿಪ್ಪೆಟ್ ನಾಯಿಗಳ ಅಧ್ಯಯನ. ಓಟದ ಈ ಸಪೂರ ನಾಯಿಗಳಲ್ಲಿ ಎರಡೂ ಪ್ರತಿ ಕೆಟ್ಟವು ಪೈಲ್ವಾನರಂತೆ ಊದಿಕೊಂಡವು. ಒಂದೇ ಪ್ರತಿ ಕೆಟ್ಟವು ಪಂದ್ಯಗಳಲ್ಲಿ ಮುಂದಿದ್ದವು. ತೂಬನ್ನು ಒಂದಿಷ್ಟು ಎತ್ತಿದರೆ ಅನುಕೂಲ, ಪೂರ್ತಿ ಕಿತ್ತುಹಾಕಿದರೆ ಬೇರೆಯೇ ಸ್ಥಿತಿ. ಇಲಿಗಳಲ್ಲೂ ಇದಕ್ಕೆ ಪುಷ್ಟಿಯಿದೆ. ಮಯೋಸ್ಟ್ಯಾಟಿನ್ ಇಲ್ಲದ ಇಲಿಯ ಸ್ನಾಯು ಗಾತ್ರದಲ್ಲಿ ದೊಡ್ಡದಾದರೂ ಆ ಗಾತ್ರಕ್ಕೆ ತಕ್ಕ ಬಲ ಅದಕ್ಕಿರುವುದಿಲ್ಲ, ಅದರ ಸ್ನಾಯುರಜ್ಜು ಸಣ್ಣದು, ಪೆಡಸು. ಹಾಗಾದರೆ ಈ ತಡೆ ಕೇವಲ ಜಿಪುಣತನವಲ್ಲ. ಮಾಂಸ, ರಜ್ಜು, ಮೂಳೆ ಮೂರೂ ಒಂದಕ್ಕೊಂದು ತಾಳೆಯಾಗಿರುವಂತೆ ನೋಡಿಕೊಳ್ಳುವ ಲೆಕ್ಕಾಚಾರ.

ಮೂಳೆಯ ಕಡೆ ತಿರುಗಿದರೆ ಕಥೆ ಇನ್ನೂ ಹಳೆಯದು, ಮತ್ತು ಮೇಲ್ನೋಟಕ್ಕೆ ನನ್ನ ವಾದಕ್ಕೆ ವಿರುದ್ಧವಾದದ್ದು. 1965ರಲ್ಲಿ ಲಾಸ್ ಏಂಜಲೀಸ್‌ನ ಮೂಳೆವೈದ್ಯ ಮಾರ್ಷಲ್ ಯೂರಿಸ್ಟ್, ಆಮ್ಲದಲ್ಲಿ ನೆನೆಸಿ ಸುಣ್ಣದಂಶ ತೆಗೆದ ಮೂಳೆಯ ಚೂರುಗಳನ್ನು ಮೊಲದ ಸ್ನಾಯುವಿನೊಳಗೆ ಹುಗಿದಿಟ್ಟ. ಕೆಲವು ವಾರಗಳಲ್ಲಿ ಅಲ್ಲಿ ಹೊಸ ಮೂಳೆ ಹುಟ್ಟಿತು. ಮಾಂಸದ ನಡುವೆ ಮೂಳೆ! ಆ ಚೂರುಗಳಲ್ಲಿದ್ದ ಗುಪ್ತ ವಸ್ತುವಿಗೆ 1971ರಲ್ಲಿ ಅವನು ಮೂಳೆ ರೂಪಿಸುವ ಪ್ರೋಟೀನ್ ಎಂದು ಹೆಸರಿಟ್ಟ. ಜಗತ್ತು ಅದನ್ನು ಬಿಎಂಪಿ ಎಂದು ಕರೆಯಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಅಮೆರಿಕಕ್ಕೆ ಹೋಗಿದ್ದ ಎ. ಹರಿ ರೆಡ್ಡಿ, ನೊಬೆಲ್ ವಿಜೇತ ಚಾರ್ಲ್ಸ್ ಹಗಿನ್ಸ್ ಜೊತೆ 1972ರಲ್ಲಿ ಆ ಪ್ರಯೋಗವನ್ನು ಇಲಿಗಳಲ್ಲಿ ಹಂತಹಂತವಾಗಿ ಅಳೆಯಬಲ್ಲಂತೆ ಮಾಡಿದರು. 1981ರಲ್ಲಿ ರೆಡ್ಡಿ ಮತ್ತು ಅವರ ಸಹೋದ್ಯೋಗಿ ಸಂಪತ್ ಮೂಳೆಪುಡಿಯಿಂದ ಕರಗುವ ಭಾಗವನ್ನು ತೆಗೆದರು. ಆಗ ಪುಡಿಯ ಶಕ್ತಿ ಹೋಯಿತು. ಮತ್ತೆ ಸೇರಿಸಿದಾಗ ಮರಳಿತು. ಒಳ್ಳೆಯ ಪ್ರಯೋಗವೆಂದರೆ ಇದು, ಒಂದೇ ಏಟಿಗೆ ಸಂಶಯ ಸತ್ತಿತು. 1988ರಲ್ಲಿ ಜಾನ್ ವೋಜ್ನಿ ಮತ್ತು ಸಂಗಡಿಗರು ಬಿಎಂಪಿ ಜೀನುಗಳನ್ನು ಪ್ರತ್ಯೇಕಿಸಿದಾಗ ಅವುಗಳಲ್ಲಿ ಹಲವು ಟಿಜಿಎಫ್-ಬೀಟಾ ಕುಟುಂಬಕ್ಕೇ ಸೇರಿದ್ದು ತಿಳಿಯಿತು. ಮುಂದೆ ಸಿಗಲಿದ್ದ ಮಯೋಸ್ಟ್ಯಾಟಿನ್‌ನ ಅಣ್ಣತಮ್ಮಂದಿರು ಅವು.

ಇಲ್ಲಿ ಬೆಳೆಸುವ ಕೈಯೇ ಮೂಳೆ ಕಟ್ಟಿತಲ್ಲ ಎಂದು ಕೇಳಬಹುದು. ಕಟ್ಟಿತು, ನಿಜ. ಆದರೆ ಹುಟ್ಟಿಸುವುದು ಒಂದು, ಪ್ರಮಾಣ ನಿಗದಿ ಮಾಡುವುದು ಇನ್ನೊಂದು. ಬಿಎಂಪಿ ಬಿದ್ದ ಮೂಳೆಕೋಶಗಳು ತಾವೇ 'ನಾಗಿನ್' ಎಂಬ ಪ್ರೋಟೀನ್ ತಯಾರಿಸಿ ಬಿಎಂಪಿಯನ್ನು ಕಟ್ಟಿಹಾಕುತ್ತವೆ. ಕಪ್ಪೆಯ ಭ್ರೂಣದಲ್ಲಿ 1992ರಲ್ಲಿ ಮೊದಲು ಕಂಡ ಪ್ರೋಟೀನ್ ಇದು. 2002ರಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ಬಿಎಂಪಿ-2 ಅಮೆರಿಕದಲ್ಲಿ ಅನುಮತಿ ಪಡೆದಾಗ ಅದನ್ನು ಮಿಲಿಲೀಟರಿಗೆ 1.5 ಮಿಲಿಗ್ರಾಂನಂತೆ ಸುರಿಯಬೇಕಾಯಿತು, ನಿಜವಾದ ಮೂಳೆಯಲ್ಲಿರುವ ಅಂಶಕ್ಕೆ ಹೋಲಿಸಿದರೆ ಇದು ಪ್ರವಾಹ. ಊತ, ಬೇಡದ ಕಡೆ ಮೂಳೆ ಬೆಳೆಯುವುದು ಮುಂತಾದ ತೊಡಕುಗಳನ್ನು ಮೊದಲ ಪರೀಕ್ಷೆಗಳ ವರದಿಗಳು ಕಡಿಮೆ ತೋರಿಸಿದ್ದವು ಎಂದು 2011ರಲ್ಲಿ ಬೆನ್ನುಮೂಳೆ ವೈದ್ಯರ ಪತ್ರಿಕೆಯೇ ಕಟುವಾಗಿ ಬರೆಯಿತು. ಇದಕ್ಕಿಂತ ದಾರುಣ ಸಾಕ್ಷಿ ಫಿಲಡೆಲ್ಫಿಯಾದ ಮ್ಯೂಟರ್ ಸಂಗ್ರಹಾಲಯದಲ್ಲಿದೆ: 1973ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ ಹ್ಯಾರಿ ಈಸ್ಟ್‌ಲಾಕ್‌ರ ಅಸ್ಥಿಪಂಜರ. ಅವರ ಸ್ನಾಯುಗಳೇ ಹಾಳೆ ಹಾಳೆಯಾಗಿ ಮೂಳೆಯಾಗಿ ದೇಹವನ್ನು ಬಂಧಿಸಿದ್ದವು. ಈ ಕಾಯಿಲೆಗೆ ಬಿಎಂಪಿಯ ಒಂದು ಗ್ರಾಹಕದಲ್ಲಿ ಒಂದೇ ಅಕ್ಷರದ ತಪ್ಪು ಕಾರಣವೆಂದು 2006ರಲ್ಲಿ ತಿಳಿಯಿತು. ಆಕ್ಟಿವಿನ್ ಎಂಬ ಸಂಕೇತವನ್ನು ಆ ಗ್ರಾಹಕ ಸಹಜವಾಗಿ 'ಸುಮ್ಮನಿರು' ಎಂದು ಓದಿಕೊಳ್ಳುತ್ತದೆ. ತಪ್ಪು ಸೇರಿದ ಮೇಲೆ ಅದನ್ನೇ 'ಕಟ್ಟು' ಎಂದು ಓದುತ್ತದೆ. ಬೆಳೆಸುವ ವಸ್ತು ಹೆಚ್ಚಾದದ್ದಲ್ಲ, ತಡೆಯ ಅರ್ಥವೇ ಬದಲಾದದ್ದು.

ಮೂಳೆಯ ನಿಜವಾದ ತೂಬು ಸಿಕ್ಕಿದ್ದು ದಕ್ಷಿಣ ಆಫ್ರಿಕಾದಲ್ಲಿ ಮತ್ತು ಹಾಲೆಂಡಿನ ಒಂದು ಮೀನುಗಾರರ ಊರಿನಲ್ಲಿ. ಡಚ್ ಮೂಲದ ಆಫ್ರಿಕಾನರ್ ಸಮುದಾಯದ ಕೆಲವು ಮನೆಗಳಲ್ಲಿ ಎತ್ತರದ ಮೈ, ಅಂಟಿಕೊಂಡ ಬೆರಳುಗಳು, ಮುಂದೆ ಚಾಚಿದ ದವಡೆ ಇದ್ದ ಮಕ್ಕಳು ಹುಟ್ಟುತ್ತಿದ್ದರು. ಅವರ ತಲೆಬುರುಡೆ ದಪ್ಪಗಾಗುತ್ತ ಹೋಗಿ ಮುಖದ ನರ ಮತ್ತು ಕಿವಿಯ ನರ ಹಿಸುಕಿಹೋಗುತ್ತಿದ್ದವು. ಮಿದುಳಿನ ಮೇಲೆ ಒತ್ತಡ ಏರಿ ಕೆಲವರು ದಿಢೀರನೆ ಸಾಯುತ್ತಿದ್ದರು. ಸ್ಕ್ಲೆರೋಸ್ಟಿಯೋಸಿಸ್ ಎಂದು ಅದರ ಹೆಸರು. ಹಿಂದೆ ದ್ವೀಪವಾಗಿದ್ದ ಉರ್ಕ್ ಎಂಬ ಡಚ್ ಊರಿನ ಕುಟುಂಬಗಳಲ್ಲಿ ಇದರ ಸೌಮ್ಯ ರೂಪವನ್ನು ಫಾನ್ ಬುಕೆಮ್ ಎಂಬ ವೈದ್ಯ 1955ರಲ್ಲಿ ವರ್ಣಿಸಿದ್ದ. ಎರಡರ ಮೂಲವೂ ಒಂದೇ ಜೀನಿನಲ್ಲಿದೆ ಎಂದು 2001 ಮತ್ತು 2002ರಲ್ಲಿ ಖಚಿತವಾಯಿತು. ಆ ಜೀನು ತಯಾರಿಸುವ ಸ್ಕ್ಲೆರೋಸ್ಟಿನ್, ಮೂಳೆಯೊಳಗೆ ಹುದುಗಿ ಕುಳಿತ ಆಸ್ಟಿಯೋಸೈಟ್ ಕೋಶಗಳಿಂದ ಬರುವ ತಡೆ. ಮೊದಲು ಅದು ಬಿಎಂಪಿಯನ್ನು ತಡೆಯುತ್ತದೆ ಎಂದುಕೊಂಡರು. 2005ರ ಹೊತ್ತಿಗೆ ಅದು ಕೈಹಾಕುವುದು ಡಬ್ಲ್ಯುಎನ್‌ಟಿ ಎಂಬ ಬೇರೆ ಸಂಕೇತದ ಗ್ರಾಹಕಕ್ಕೆ ಎಂದು ತಿಳಿಯಿತು. ಆ ಗ್ರಾಹಕದ ಕಥೆಯೂ ಅಷ್ಟೇ ಸ್ವಾರಸ್ಯದ್ದು. 2002ರಲ್ಲಿ ಎರಡು ಬೇರೆ ಅಮೆರಿಕನ್ ಕುಟುಂಬಗಳಲ್ಲಿ ಅಸಾಧಾರಣ ಗಟ್ಟಿಮೂಳೆಗೆ ಕಾರಣವಾದದ್ದು ಅದರಲ್ಲಿನ ಒಂದೇ ಬದಲಾವಣೆ. ಗ್ರಾಹಕ ಹೆಚ್ಚು ಕೂಗಿ ಕರೆಯುತ್ತಿರಲಿಲ್ಲ; ತಡೆಯುವ ಪ್ರೋಟೀನುಗಳು ಅದನ್ನು ಹಿಡಿಯಲಾರದೆ ಹೋಗಿದ್ದವು. ಇತ್ತ ವ್ಯಾಯಾಮದ ಭಾರ ಬಿದ್ದ ಮೂಳೆಯಲ್ಲಿ ಸ್ಕ್ಲೆರೋಸ್ಟಿನ್ ಇಳಿಯುತ್ತದೆ ಎಂದು 2008ರಲ್ಲಿ ಇಲಿಗಳಲ್ಲಿ ಕಂಡುಬಂತು. ಭಾರ ಹೊತ್ತ ಮೂಳೆ ಗಟ್ಟಿಯಾಗುತ್ತದೆ ಎಂದು ಬರ್ಲಿನ್‌ನ ಜೂಲಿಯಸ್ ವುಲ್ಫ್ 1892ರಲ್ಲಿ ಹೇಳಿದ್ದಕ್ಕೆ ಹೀಗೆ ಒಂದು ಕೈ, ಒಂದು ಕೀಲಿ ಸಿಕ್ಕಿತು.

ವಿಪ್ಪೆಟ್ ನಾಯಿಗಳ ಪಾಠ ಇಲ್ಲೂ ಮರಳಿತು. ಕೆಟ್ಟ ಜೀನಿನ ಒಂದೇ ಪ್ರತಿ ಹೊತ್ತ ಆಫ್ರಿಕಾನರ್ ತಂದೆತಾಯಿಯರ ಮೂಳೆ ಸಾಮಾನ್ಯರಿಗಿಂತ ದಟ್ಟವಾಗಿತ್ತು, ಮಕ್ಕಳ ತೊಂದರೆ ಅವರಿಗಿರಲಿಲ್ಲ. ತೂಬನ್ನು ಅರ್ಧ ಎತ್ತುವ ಔಷಧಿ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆ ಬೇಕಿರಲಿಲ್ಲ. ಸ್ಕ್ಲೆರೋಸ್ಟಿನ್ ಅನ್ನು ಹಿಡಿದುಹಾಕುವ ರೊಮೊಸೊಜುಮ್ಯಾಬ್ ಎಂಬ ಪ್ರತಿಕಾಯವನ್ನು 7,180 ಮಹಿಳೆಯರ ಮೇಲೆ ಪರೀಕ್ಷಿಸಿದಾಗ ಒಂದು ವರ್ಷದಲ್ಲಿ ಬೆನ್ನುಮೂಳೆ ಮುರಿತ 73% ಕಡಿಮೆಯಾಯಿತು. 2019ರಲ್ಲಿ ಜಪಾನ್, ಅಮೆರಿಕ, ಯುರೋಪ್ ಮೂರೂ ಕಡೆ ಅನುಮತಿ ಸಿಕ್ಕಿತು. ಹಾಗೆಂದು ಇದು ನಿಷ್ಕಳಂಕ ಗೆಲುವಲ್ಲ. ಹಳೆಯ ಮೂಳೆಸವೆತದ ಮಾತ್ರೆಯ ಜೊತೆ ಹೋಲಿಸಿದ ಇನ್ನೊಂದು ಪರೀಕ್ಷೆಯಲ್ಲಿ ಗಂಭೀರ ಹೃದಯ ಮತ್ತು ರಕ್ತನಾಳದ ತೊಂದರೆ 1.9%ಗೆ ಬದಲು 2.5% ಮಂದಿಗೆ ಬಂತು. ಅಮೆರಿಕದಲ್ಲಿ ಔಷಧಿಗೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಿತ್ತು. ವರ್ಷ ಕಳೆಯುವುದರೊಳಗೆ ಮೂಳೆ ಕಟ್ಟುವ ವೇಗ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ, ಆದ್ದರಿಂದ ಹನ್ನೆರಡು ತಿಂಗಳಿಗೆ ಚಿಕಿತ್ಸೆ ಮುಗಿಯುತ್ತದೆ. ಒಂದು ತೂಬು ಎತ್ತಿದರೆ ದೇಹ ಬೇರೆಲ್ಲೋ ಇನ್ನೊಂದನ್ನು ಇಳಿಸುತ್ತದೆ.

ಈ ವಾದಕ್ಕೆ ಅತ್ಯಂತ ಕಠಿಣ ಆಕ್ಷೇಪ ಸ್ನಾಯುವಿನ ಔಷಧಿಗಳ ಸೋಲು. ತಡೆಯೇ ಅಳತೆಗಾರನಾದರೆ ಮಯೋಸ್ಟ್ಯಾಟಿನ್ ತಡೆದಾಗ ಸ್ನಾಯುಕ್ಷಯದ ರೋಗಿಗಳು ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. 2008ರಲ್ಲಿ ಪ್ರಕಟವಾದ ಮೊದಲ ಪ್ರತಿಕಾಯದ ಪರೀಕ್ಷೆಯಲ್ಲಿ 116 ವಯಸ್ಕ ರೋಗಿಗಳಿಗೆ ಬಲ ಹೆಚ್ಚಲಿಲ್ಲ. ಡುಶೆನ್ ಸ್ನಾಯುಕ್ಷಯದ ಹುಡುಗರಿಗೆ ಕೊಟ್ಟ ಎಸಿಇ-031 ಎಂಬ ಔಷಧಿಯನ್ನು ಮೂಗು, ಒಸಡಿನಲ್ಲಿ ರಕ್ತ ಬಂದದ್ದರಿಂದ 2011ರಲ್ಲಿ ನಿಲ್ಲಿಸಬೇಕಾಯಿತು. ಡೊಮಾಗ್ರೊಜುಮ್ಯಾಬ್ ಎಂಬ ಇನ್ನೊಂದು ಪ್ರತಿಕಾಯವನ್ನು 2018ರಲ್ಲಿ ಕೈಬಿಡಲಾಯಿತು. ಇದಕ್ಕೆ ಉತ್ತರ ತಡೆಯ ಸಿದ್ಧಾಂತ ಸುಳ್ಳು ಎಂಬುದಲ್ಲ, ತಡೆ ಎಲ್ಲಿದೆ, ಎಷ್ಟಿದೆ ಎಂದು ನೋಡದೆ ಇಲಿಯ ಲೆಕ್ಕವನ್ನು ಮನುಷ್ಯನಿಗೆ ಹಚ್ಚಿದ್ದು ತಪ್ಪು ಎಂಬುದು. ಲೀ 2007ರಲ್ಲೇ ಎಚ್ಚರಿಸಿದ್ದ: ಮಯೋಸ್ಟ್ಯಾಟಿನ್ ಇಲ್ಲದ ಇಲಿಗೆ ಇಂಥ ತಡೆಗಳನ್ನು ಕಟ್ಟಿಹಾಕುವ ಫಾಲಿಸ್ಟ್ಯಾಟಿನ್ ಎಂಬ ಇನ್ನೊಂದು ಪ್ರೋಟೀನನ್ನು ಹೆಚ್ಚಿಸಿದರೆ ಸ್ನಾಯು ನಾಲ್ಕು ಪಟ್ಟಾಗುತ್ತದೆ, ಅಂದರೆ ತಡೆ ಒಂದೇ ಅಲ್ಲ. ಮನುಷ್ಯ ಮತ್ತು ಕೋತಿಗಳಲ್ಲಿ ಈ ತಡೆಯಲ್ಲಿ ಆಕ್ಟಿವಿನ್ ಪಾಲು ಇಲಿಗಿಂತ ದೊಡ್ಡದೆಂದು 2017ರಲ್ಲಿ ತಿಳಿಯಿತು. ಅದೇ ವರ್ಷ ಇನ್ನೊಂದು ಅಧ್ಯಯನ ಇನ್ನೂ ನೇರವಾದ ಮಾತು ಹೇಳಿತು: ಸ್ನಾಯುಕ್ಷಯದ ರೋಗಿಗಳಲ್ಲಿ ಮಯೋಸ್ಟ್ಯಾಟಿನ್ ಆಗಲೇ ಕಡಿಮೆಯಾಗಿರುತ್ತದೆ. ಆಗಲೇ ಎತ್ತಿದ ತೂಬನ್ನು ಮತ್ತೆ ಎತ್ತಿ ಪ್ರಯೋಜನವೇನು? ಇನ್ನು ಆಕ್ಟಿವಿನ್ ಗ್ರಾಹಕವನ್ನೇ ಮರೆಮಾಡಲು ಹೊರಟರೆ ಅದು ರಕ್ತನಾಳ, ರಕ್ತಕಣ ಎಲ್ಲಕ್ಕೂ ಸೇರಿದ್ದು. ಮೂಳೆಯ ತಡೆ ಬಹುಮಟ್ಟಿಗೆ ಮೂಳೆಯೊಳಗೇ ಕುಳಿತಿದೆ, ಅದಕ್ಕೇ ಅದು ಔಷಧಿಗೆ ಒಗ್ಗಿತು. ಸ್ನಾಯುವಿನ ತಡೆ ರಕ್ತದಲ್ಲಿ ಸುತ್ತುತ್ತ ಊರಿನ ಎಲ್ಲ ಕಾಲುವೆಗಳಿಗೂ ಬಾಯಿ ಹಾಕುತ್ತದೆ.

ಹಾಗೆ ಬಾಯಿ ಹಾಕುವುದರಿಂದ ಆದ ಲಾಭವೂ ಇದೆ. ಮೂಳೆ ಬಲಪಡಿಸಲೆಂದು ಮುಟ್ಟು ನಿಂತ ಮಹಿಳೆಯರಿಗೆ ಕೊಟ್ಟು ನೋಡಿದ, ಆಕ್ಟಿವಿನ್ ಹಿಡಿಯುವ ಸೊಟಾಟರ್ಸೆಪ್ಟ್ ಎಂಬ ಔಷಧಿ ಅವರ ಹಿಮೋಗ್ಲೋಬಿನ್ ಏರಿಸಿತು. ಆ ಜಾಡಿನಲ್ಲಿ ಬಂದ ಲುಸ್ಪಾಟರ್ಸೆಪ್ಟ್ 2019ರಲ್ಲಿ ಬೀಟಾ ಥಲಸೀಮಿಯಾದ ರಕ್ತಹೀನತೆಗೆ ಔಷಧಿಯಾಯಿತು. ಸೊಟಾಟರ್ಸೆಪ್ಟ್ 2024ರಲ್ಲಿ ಶ್ವಾಸಕೋಶದ ಅಪಧಮನಿಗಳ ಅಧಿಕ ರಕ್ತದೊತ್ತಡಕ್ಕೆ ಅನುಮತಿ ಪಡೆಯಿತು. ಲೀ ಮತ್ತು ಎಮಿಲಿ ಜರ್ಮೇನ್-ಲೀ 2019ರ ಡಿಸೆಂಬರಿನಲ್ಲಿ 40 ಇಲಿಗಳನ್ನು ಅಂತರಿಕ್ಷ ನಿಲ್ದಾಣಕ್ಕೆ ಕಳಿಸಿದರು. ತೂಕವೇ ಇಲ್ಲದ ಆ 33 ದಿನಗಳಲ್ಲಿ ಸಾಮಾನ್ಯ ಇಲಿಗಳ ಸ್ನಾಯುವೂ ಕರಗಿತು, ಮೂಳೆಯೂ ಸವೆಯಿತು. ಮಯೋಸ್ಟ್ಯಾಟಿನ್ ಮತ್ತು ಆಕ್ಟಿವಿನ್ ಎರಡನ್ನೂ ಹಿಡಿದುಹಾಕುವ ಔಷಧಿ ಪಡೆದವುಗಳಲ್ಲಿ ಎರಡೂ ಉಳಿದವು. ನೆಲದ ಮೇಲೆ, ಬಿಮಾಗ್ರುಮ್ಯಾಬ್ ಎಂಬ ಪ್ರತಿಕಾಯ ಸ್ನಾಯುರೋಗದಲ್ಲಿ ಸೋತರೂ, ಮಧುಮೇಹ ಮತ್ತು ಬೊಜ್ಜು ಎರಡೂ ಇದ್ದ 75 ಮಂದಿಯ ಪರೀಕ್ಷೆಯಲ್ಲಿ 48 ವಾರಗಳಿಗೆ ಕೊಬ್ಬನ್ನು 20.5% ಇಳಿಸಿ ಕೊಬ್ಬಲ್ಲದ ತೂಕವನ್ನು 3.6% ಏರಿಸಿತು. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳಿಂದ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತಿರುವ ಈ ಕಾಲದಲ್ಲಿ ಕಂಪನಿಗಳು ಆ ಹಳೆಯ ಪ್ರತಿಕಾಯವನ್ನು ಮತ್ತೆ ಕಪಾಟಿನಿಂದ ತೆಗೆದದ್ದು ಆಶ್ಚರ್ಯವಲ್ಲ.

ರುಡ್‌ಮನ್‌ನ ಹನ್ನೆರಡು ಗಂಡಸರ ನೆನಪಿದ್ದರೆ ಈ ಅಂಕಿಗಳನ್ನೂ ಅನುಮಾನದಿಂದಲೇ ನೋಡಬೇಕು. ತೂಕವನ್ನಲ್ಲ, ಕೈಕಾಲಿನ ಸಾಮರ್ಥ್ಯವನ್ನೇ ಅಳೆದ ಪರೀಕ್ಷೆಯೊಂದರ ಫಲ 2024ರಲ್ಲಿ ಬಂತು. ಮಯೋಸ್ಟ್ಯಾಟಿನ್ ಹುಟ್ಟುವಾಗ ತನ್ನದೇ ಇನ್ನೊಂದು ತುಣುಕಿನ ಹಿಡಿತದಲ್ಲಿರುತ್ತದೆ. ಒಂದು ಕಿಣ್ವ ಆ ತುಣುಕನ್ನು ಕತ್ತರಿಸಿದಾಗಲೇ ಅದು ಬಿಡುಗಡೆಯಾಗಿ ಕೆಲಸಕ್ಕೆ ತೊಡಗುವುದು. ಅಪಿಟೆಗ್ರೊಮ್ಯಾಬ್ ಎಂಬ ಪ್ರತಿಕಾಯ ರಕ್ತದಲ್ಲಿ ಅಲೆಯುವ ಮಯೋಸ್ಟ್ಯಾಟಿನ್ ಅನ್ನು ಬೆನ್ನಟ್ಟುವುದಿಲ್ಲ, ಆಕ್ಟಿವಿನ್ ತಂಟೆಗೂ ಹೋಗುವುದಿಲ್ಲ. ಕತ್ತರಿ ಬೀಳುವ ಮೊದಲು, ಸ್ನಾಯುವಿನ ಬಳಿಯಲ್ಲೇ, ಆ ಸುಪ್ತ ರೂಪವನ್ನು ಹಿಡಿದಿಡುತ್ತದೆ. ಬೆನ್ನುಹುರಿಯ ನರಕೋಶಗಳು ಸಾಯುವ ಎಸ್‌ಎಂಎ ಕಾಯಿಲೆಯಿದ್ದು, ಅದಕ್ಕೆ ಆಗಲೇ ಬೇರೆ ಚಿಕಿತ್ಸೆ ಪಡೆಯುತ್ತಿದ್ದ 2ರಿಂದ 12 ವರ್ಷದ ಮಕ್ಕಳಲ್ಲಿ, ಕೂರುವುದು, ಹೊರಳುವುದು, ಕೈ ಎತ್ತುವುದನ್ನು ಅಂಕ ಹಾಕಿ ಅಳೆಯುವ ಪರೀಕ್ಷೆಯಲ್ಲಿ ಒಂದು ವರ್ಷದ ಕೊನೆಗೆ ಔಷಧಿ ಪಡೆದವರು ಉಳಿದವರಿಗಿಂತ ಸರಾಸರಿ 1.8 ಅಂಕ ಮುಂದಿದ್ದರು.